ಬಾವ್‌ಚಿನ್ ಹೊಳೆಗೆ ಬಿಟ್ಟ ಮೀನುಗಳು

ನಮ್ಮೂರಿನ ಹೊಳೆಯ ಗೆಂಡೆ ಮೀನನ್ನು ಯಾರೂ ತಿನ್ನುವುದಿಲ್ಲ. ಸತ್ತರೆ ಮಣ್ಣು ಮಾಡುತ್ತೇವೆ. ಕರ್ಪೂರದ ಮರದ ಬುಡದಲ್ಲಿ ಗುಂಡಿ ತೆಗೆದು, ಊದುಬತ್ತಿ ಹಚ್ಚಿ, ಊರಿನ ಹಿರಿಯ ಶೌಗೆನ್ ಅಜ್ಜ ನಾಲ್ಕು ಮಾತು ಓದುತ್ತಾನೆ. ಮೇಲಿನೂರಿನವರು ನೋಡಿ ನಗುತ್ತಾರೆ. ನಗಲಿ. ಮೀನು ಈಜುತ್ತಿರುವ ತನಕ ನೀರು ಕುಡಿಯಬಹುದು ಎಂದು ನಂಬಿದವರು ನಾವು. ಆ ನಂಬಿಕೆಯಿಂದಲೇ ನಮ್ಮ ಹಿರೀಕರು ಹೊಳೆಗೆ ಒಂದು ಹಿಡಿ ಕೊಳೆ ಬೀಳಲು ಬಿಟ್ಟಿರಲಿಲ್ಲ.

ಸತ್ತ ಮೀನನ್ನು ಬುಟ್ಟಿಯಲ್ಲಿ ಹೊತ್ತು ತರುವ ಕೆಲಸ ಬಾವ್‌ಚಿನ್‌ಳದು. ಹೊಳೆಯ ಕಸ ಎತ್ತುವವಳೂ ಅವಳೇ. ಬೆಟ್ಟದ ಮೇಲಿನ ಹಳ್ಳಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, "ಇಷ್ಟು ಕೊಬ್ಬಿದ ಮೀನು, ಶುಂಠಿ ಹಾಕಿ ಬೇಯಿಸಿದ್ರೆ..." ಎಂದು ಬಾಯಿ ಬಿಟ್ಟು ಅತ್ತೆಯಿಂದ ಸಹಸ್ರನಾಮ ಮಾಡಿಸಿಕೊಂಡಿದ್ದಳು. ಆಮೇಲೆ ನಮಗಿಂತ ಹೆಚ್ಚು ಅವಳಿಗೇ ಮೀನಿನ ಹುಚ್ಚು ಹತ್ತಿತು. ಗಂಡ ದೂರದ ನಗರದಲ್ಲಿ ಕಟ್ಟಡದ ಮೇಲಿಂದ ಬಿದ್ದು ಸತ್ತ ಮೇಲೆ ಅವಳಿಗೆ ಉಳಿದದ್ದು ಮಗಳು ಶೀಯುನ್ ಮತ್ತು ಈ ಹೊಳೆ. ಎದುರು ದಡದಲ್ಲಿ ಸೋಯಾ ಹಾಲು ಒಡೆಸಿ ತೋಫು ಮಾಡಿ ಮಾರುವ ನಾನು ಎಲ್ಲವನ್ನೂ ಕಣ್ಣಾರೆ ಕಂಡವಳು.

ಶೀಯುನ್‌ಗೆ ಮದುವೆಯ ವಯಸ್ಸಿನಲ್ಲಿ ಮೂತ್ರಪಿಂಡ ಕೈಕೊಟ್ಟಿತು. ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಬಾವ್‌ಚಿನ್ ಕರುಣೆಯ ತಾಯಿ ಗುವಾನ್‌ಯಿನ್ ದೇವಿಯ ಮುಂದೆ ಹರಕೆ ಹೊತ್ತಳು: ಪ್ರತಿ ಹುಣ್ಣಿಮೆಗೆ ಸಂತೆಯಲ್ಲಿ ಕತ್ತಿಗೆ ಕಾದು ಕೂತ ಮೀನು ಕೊಂಡು ನೀರಿಗೆ ಬಿಡುತ್ತೇನೆ, ಆ ಜೀವಗಳ ಪುಣ್ಯ ನನ್ನ ಮಗಳಿಗೆ ಬರಲಿ. ಇಂಥ ಹರಕೆ ನಮ್ಮಲ್ಲಿ ಹೊಸದಲ್ಲ. ಎಲ್ಲರೂ ದೊಡ್ಡ ನದಿಗೆ ಹೋಗಿ ಬಿಡುತ್ತಾರೆ. ಕೆಳಗೆ ಬಲೆ ಹಿಡಿದು ನಿಂತ ಪುಣ್ಯಾತ್ಮರು ಅದೇ ಮೀನನ್ನು ಹಿಡಿದು ಮರುದಿನ ಸಂತೆಗೆ ತರುತ್ತಾರೆ. ಬಾವ್‌ಚಿನ್ ಅಷ್ಟು ದಡ್ಡಿಯಲ್ಲ.

"ನಮ್ಮ ಹೊಳೆಗಿಂತ ಕ್ಷೇಮದ ಜಾಗ ಯಾವ್ದಿದೆ ಅಕ್ಕಾ? ಇಲ್ಲಿ ಯಾರೂ ಮೀನು ಮುಟ್ಟಲ್ಲ," ಎಂದು ಬಕೆಟ್ ಬಗ್ಗಿಸಿದಳು. ಊರಿಗೆಲ್ಲ ಅದು ಸರಿಯೆನ್ನಿಸಿತು.

ಶೀಯುನ್ ಮಾತ್ರ ಗೇಲಿ ಮಾಡುತ್ತಿದ್ದಳು. "ಅಮ್ಮಾ, ನನ್ನನ್ನ ಉಳಿಸಿರೋದು ಆಸ್ಪತ್ರೆ ಮಷೀನು, ನಿನ್ನ ಮೀನಲ್ಲ. ಸುಮ್ನೆ ಒಂದು ದಪ್ಪ ಕೋಟು ತಗೋ."

"ಬಾಯ್ಮುಚ್ಚೇ! ದೇವಿ ಕೇಳಿಸ್ಕೊಂಡಾಳು."

ಕಳೆದ ವಸಂತದಲ್ಲಿ ಗೆಂಡೆಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸಿತು. ಒಂದರ ಹಿಂದೊಂದು ಹೊಟ್ಟೆ ಮೇಲಾಗಿ ತೇಲಿದವು. ನಾನು ಹುಡುಗಿಯಾಗಿದ್ದಾಗಿನಿಂದ ಕಂಡ ಮುದಿ ಮೀನೂ ಹೋಯಿತು. ಹೂಳಲು ಮರದ ಬುಡದಲ್ಲಿ ಜಾಗ ಸಾಲಲಿಲ್ಲ. ಮೇಲಿನೂರಿನ ಹಂದಿ ಸಾಕಣೆಯವರೇ ಏನೋ ಬಿಟ್ಟಿದ್ದಾರೆಂದು ನಾವು ಬಾಯಿಗೆ ಬಂದಂತೆ ಬೈದೆವು. ಮೀನು ಇಲಾಖೆಯವನೊಬ್ಬ ಬಂದು ನೀರು ಪರೀಕ್ಷೆ ಮಾಡಿದ. ನೀರು ಚೆನ್ನಾಗಿಯೇ ಇತ್ತು.

"ಹೊರಗಿನ ಮೀನು ತಂದು ಬಿಟ್ಟಿದ್ದೀರಾ? ತೊಟ್ಟಿಯಲ್ಲಿ ಕಿಕ್ಕಿರಿದು ಬೆಳೆದ ಮೀನಿನಿಂದ ಈ ರೋಗ ಬರುತ್ತೆ," ಎಂದ.

ಬಾವ್‌ಚಿನ್ ಹೊತ್ತಿದ್ದ ಬುಟ್ಟಿಯನ್ನು ಅಲ್ಲೇ ಇಳಿಸಿ, ಒಳಗಿನ ಸತ್ತ ಮೀನುಗಳನ್ನು ಒಂದೊಂದಾಗಿ ತಿರುವಿ ನೋಡಿದಳು.

ಪೂರ್ವಜರ ಗುಡಿಯಲ್ಲಿ ಊರು ಸೇರಿತು. ಶೌಗೆನ್ ಅಜ್ಜ ಮೆತ್ತಗೆ ಹೇಳಿದ, "ಇನ್ನು ಸಾಕು ಮಾಡಮ್ಮಾ. ಇರೋ ನಾಕು ಮೀನಾದ್ರೂ ಉಳೀಲಿ."

"ದೇವಿಗೆ ಮಾತು ಕೊಟ್ಟಿದೀನಿ ಅಜ್ಜಾ. ನಿಲ್ಸಿದ್ರೆ ನನ್ನ ಮಗಳ ಗತಿ? ಬೇಕಾದ್ರೆ ದೊಡ್ಡ ನದಿಗೆ ಬಿಡ್ತೀನಿ."

"ಅಲ್ಲಿನ ಮೀನಿಗೆ ರೋಗ ಅಂಟಲ್ವೇನಮ್ಮಾ?"

ನನಗೆ ತಡೆಯಲಾಗಲಿಲ್ಲ. "ಹೆತ್ತ ಮಗೂನೂ ಮೀನನ್ನೂ ಅವಳ ಕೈಲಿ ತೂಕ ಹಾಕಿಸ್ತೀರೇನ್ರೋ!" ಎಂದು ಎದ್ದು ಎಲ್ಲರನ್ನೂ ಉಗಿದು ಉಪ್ಪಿನಕಾಯಿ ಹಾಕಿದೆ. ಬಾವ್‌ಚಿನ್‌ಳೇ ನನ್ನ ಅಂಗಿಯ ತೋಳು ಜಗ್ಗಿ ಕೂರಿಸಿದಳು.

"ಬೇಡ ಅಕ್ಕಾ. ಅಷ್ಟನ್ನೂ ನನ್ನ ಕೈಯಾರೆ ಹೂತಿದೀನಿ. ಇನ್ನು ನೀರಿಗೆ ಮೀನು ಬಿಡಲ್ಲ."

ಆ ಹುಣ್ಣಿಮೆಗೆ ಅವಳು ಸಂತೆಗೆ ಹೋಗಲಿಲ್ಲ. ದಿನವಿಡೀ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಕೊಟ್ಟ ಸೋಯಾ ಹಾಲು ಕೈಯಲ್ಲೇ ಆರಿತು. ಮುಂದಿನ ಹುಣ್ಣಿಮೆಗಳೂ ಹೀಗೇ ಕಳೆದವು.

ಚಳಿಗಾಲಕ್ಕೆ ಶೀಯುನ್‌ಳನ್ನು ಮನೆಗೆ ಕರೆತಂದರು. ಇನ್ನು ಮಷೀನಿನಿಂದಲೂ ಆಗುವುದಿಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಮೀನು ಸಾಯಲು ಶುರುವಾಗುವ ಮೊದಲೇ ಆಸ್ಪತ್ರೆ ಬಳಿ ನೆಂಟರ ಮನೆ ಸೇರಿದ್ದ ಅವಳಿಗೆ ಹೊಳೆಯ ಸುದ್ದಿಯನ್ನು ಯಾರೂ ಹೇಳಿರಲಿಲ್ಲ. ನಾನು ಗಂಜಿ ತೆಗೆದುಕೊಂಡು ಹೋದಾಗ ಊದಿಕೊಂಡ ಮುಖ ಹೊರಳಿಸಿ ತಾಯಿಯ ಕೈ ಹಿಡಿದುಕೊಂಡಳು.

"ಅಮ್ಮಾ, ಈ ಹುಣ್ಣಿಮೆಗೆ ಮೀನು ಬಿಟ್ಟ್ಯಾ?"

ಅಷ್ಟು ಗೇಲಿ ಮಾಡಿದ್ದ ಹುಡುಗಿಯ ಕಣ್ಣಲ್ಲಿ ಹೆದರಿಕೆಯಿತ್ತು.

"ಬಿಟ್ಟೆ ಕಣೇ," ಎಂದಳು ಬಾವ್‌ಚಿನ್.

"ಜಾಸ್ತಿ ಬಿಟ್ಟ್ಯಾ?"

"ಬಕೆಟ್ ತುಂಬ. ಒಂದೂ ಸತ್ತಿರ್ಲಿಲ್ಲ. ಸರ್ರಂತ ಈಜ್ಕೊಂಡು ಹೋದ್ವು."

"ಮುಂದಿನ ಸಲ ನಾನೂ ಬರ್ತೀನಮ್ಮಾ."

"ಬಾ," ಎಂದಳು.

ಆ ಮುಂದಿನ ಹುಣ್ಣಿಮೆ ಶೀಯುನ್‌ಗೆ ಬರಲಿಲ್ಲ. ಬಾವ್‌ಚಿನ್ ಈಗಲೂ ಬೆಳಗಾದರೆ ಹೊಳೆಗಿಳಿದು ಕಸ ಎತ್ತುತ್ತಾಳೆ. ದೇವಿಯ ಗುಡಿಯ ಕಡೆ ಮಾತ್ರ ತಲೆಯೆತ್ತಿ ನೋಡುವುದಿಲ್ಲ.