ಗ್ರೂನ್ಯಾಳ ಸಿಡುಕು ಹುಳಗಳು

ಉಸ್ಸೂರಿ ಕಾಡಿನ ನಮ್ಮ ಕಣಿವೆಗೆ ಲೀಪಾ ಮರ ಕಡಿಯಲು ಲಾರಿಗಳು ಬಂದಾಗ ನಾವು ಇಪ್ಪತ್ತು ಜನ ರಸ್ತೆಗೆ ಅಡ್ಡ ಕೂತಿದ್ದೆವು. ಲೀಪಾ ಹೂವಿಲ್ಲದೆ ನಮಗೆ ಜೇನಿಲ್ಲ. ಪೊಲೀಸರು ಒಬ್ಬೊಬ್ಬರನ್ನೇ ಎಳೆದು ಹಾಕುತ್ತಿದ್ದರು. ನಮ್ಮೂರ ಗ್ರೂನ್ಯಾ ಕೂರಲಿಲ್ಲ. ಕೈಗಾಡಿಯಲ್ಲಿ ಒಂದು ಜೇನುಪೆಟ್ಟಿಗೆ ತಳ್ಳಿಕೊಂಡು ಬಂದು, ರಸ್ತೆ ನಡುವೆ ಇಟ್ಟು, ಮುಚ್ಚಳ ತೆಗೆದಳು. ಪೊಲೀಸರೂ ಓಡಿದರು, ನಾವೂ ಓಡಿದೆವು. ಮರ ಉಳಿದವು. ನನ್ನ ಮುಖ ಮೂರು ದಿನ ಕುಂಬಳಕಾಯಿಯಾಗಿತ್ತು.

ಅವಳ ಹುಳಗಳೇ ಹಾಗೆ, ಕರ್ರಗೆ, ಸಿಡುಕು. ಅವಳ ಮುತ್ತಜ್ಜ ಉಕ್ರೇನಿನಿಂದ ಈ ಪೂರ್ವದ ತುದಿಗೆ ಹಡಗಿನಲ್ಲಿ ತಂದ ತಳಿ. ಇಲ್ಲಿನ ಮರದ ಪೊಟರೆಗಳಲ್ಲಿ ಬೇರೆ ಜಾತಿಯ ಜೇನುಹುಳ ಮೊದಲೇ ಇತ್ತು, ಅದರ ಮೈಗೆ ಅಂಟಿಕೊಂಡ ಉಣ್ಣಿಯೂ ಇತ್ತು. ಅವೆರಡೂ ಸಾವಿರಾರು ವರ್ಷ ಕಚ್ಚಾಡಿ ಒಂದು ರಾಜಿಗೆ ಬಂದಿದ್ದವು. ಹೊಸದಾಗಿ ಬಂದ ಹುಳಕ್ಕೆ ಆ ರಾಜಿ ಗೊತ್ತಿರಲಿಲ್ಲ. ಉಣ್ಣಿ ಅದರ ಮೇಲೂ ಹತ್ತಿತು, ಪೆಟ್ಟಿಗೆಗೆ ಪೆಟ್ಟಿಗೆಯೇ ಸತ್ತಿತು. ಉಣ್ಣಿಯನ್ನು ಹಿಡಿದು ಅದರ ಕಾಲು ಕತ್ತರಿಸಬಲ್ಲವು ಮಾತ್ರ ಉಳಿದು ಮರಿ ಮಾಡಿದವು. ನೂರು ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆಯಿತು. ಇದರಲ್ಲಿ ಯಾರ ದಯೆಯೂ ಇಲ್ಲ.

ಅವಳ ನೆರೆಮನೆಯ ತರಾಸ್ ದಕ್ಷಿಣದಿಂದ ಹದಿನೈದು ಪೆಟ್ಟಿಗೆ ಹಳದಿ ಹುಳ ತರಿಸಿದ. ಬರಿಗೈ ಹಾಕಿದರೂ ಕಚ್ಚುತ್ತಿರಲಿಲ್ಲ, ಜೇನೂ ಹೆಚ್ಚು. ಊರು ಮರುಳಾಯಿತು. ಆ ತಳಿ ಉಣ್ಣಿಯ ಮುಖ ಕಂಡು ಐವತ್ತು ವರ್ಷವೂ ಆಗಿರಲಿಲ್ಲ, ಅದೂ ಮದ್ದಿನ ಆಸರೆಯಲ್ಲಿ ಎಂಬುದನ್ನು ಯಾರೂ ಕೇಳಲಿಲ್ಲ.

ಜೇನು ತೆಗೆದ ಮೇಲೆ ಊರಿನ ಎಲ್ಲ ಪೆಟ್ಟಿಗೆಗೂ ಒಂದೇ ದಿನ ಉಣ್ಣಿ ಕೊಲ್ಲುವ ಮದ್ದಿನ ಪಟ್ಟಿ ನೇತುಹಾಕುವುದು ನಮ್ಮಲ್ಲಿ ಕಟ್ಟಳೆ. ಒಬ್ಬರು ತಪ್ಪಿದರೆ ಅವರ ಉಣ್ಣಿ ಎಲ್ಲರ ಮನೆಗೆ. ಆ ವರ್ಷ ಗ್ರೂನ್ಯಾ ಆಗುವುದಿಲ್ಲ ಎಂದಳು. ಮದ್ದು ಹಾಕುತ್ತಾ ಹೋದರೆ ಕೈಲಾಗದ ಹುಳವೂ ಬದುಕುತ್ತದೆ, ಮದ್ದಿಗೆ ಜಗ್ಗದ ಉಣ್ಣಿಯೂ ಬದುಕುತ್ತದೆ ಎಂಬುದು ಅವಳ ವಾದ. ಸಭೆಯಲ್ಲಿ ನಾನೂ ಅವಳ ವಿರುದ್ಧವೇ ಕೈ ಎತ್ತಿದೆ. ಕೊನೆಗೆ ತೀರ್ಮಾನವಾಯಿತು: ಆರು ಪೆಟ್ಟಿಗೆ ಹೊಳೆಯಾಚೆ ಒಯ್ದು ಮದ್ದಿಲ್ಲದೆ ಇಟ್ಟುಕೊಳ್ಳಲಿ. ವಸಂತಕ್ಕೆ ಅವು ಸತ್ತಿದ್ದರೆ ಮುತ್ತಜ್ಜನ ತಳಿ ಬಿಟ್ಟು, ತನ್ನ ಎಲ್ಲ ಪೆಟ್ಟಿಗೆಗೂ ತರಾಸನ ರಾಣಿಹುಳ ಬಿಡಬೇಕು.

"ಸತ್ತೋದ್ರೆ ಅಳ್ತಾ ಬರಬೇಡ ಚಿಕ್ಕಮ್ಮ," ಎಂದ ತರಾಸ್.

"ನೀನು ಬರ್ದೇ ಇದ್ರೆ ಸಾಕು ಕಣೋ."

ಮಾರ್ಚಿನಲ್ಲಿ, ಚಳಿಗಾಲಕ್ಕೆಂದು ಪೆಟ್ಟಿಗೆಗಳನ್ನು ಇಳಿಸಿಟ್ಟಿದ್ದ ನೆಲಮಾಳಿಗೆಗಳ ಬಾಗಿಲು ತೆರೆದೆವು. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ ಕಿವಿ ಇಟ್ಟು ಕೇಳಬೇಕು. ಮದ್ದು ಉಂಡ ತರಾಸನ ಹದಿನೈದರಲ್ಲಿ ಹನ್ನೊಂದು ಸದ್ದೇ ಮಾಡಲಿಲ್ಲ. ಗ್ರೂನ್ಯಾಳ ಆರರಲ್ಲಿ ಒಂದು ಸತ್ತಿತ್ತು, ಐದು ಗುಂಯ್ ಎಂದವು. ಉದುರಿದ ಉಣ್ಣಿ ಅಂಟಿಕೊಳ್ಳಲೆಂದು ಶರತ್ಕಾಲದಲ್ಲಿ ತಳಕ್ಕೆ ಹಾಸಿದ್ದ, ಹಂದಿಕೊಬ್ಬು ಸವರಿದ ಕಾಗದವನ್ನು ಎಳೆದು, ಭೂತಗನ್ನಡಿಯನ್ನು ನನ್ನ ಕೈಗಿಟ್ಟಳು. ಬಿದ್ದ ಉಣ್ಣಿಗಳಲ್ಲಿ ಅರ್ಧಕ್ಕರ್ಧಕ್ಕೆ ಕಾಲಿರಲಿಲ್ಲ.

ತರಾಸ್ ಬಂದ. ಟೋಪಿ ಕೈಯಲ್ಲಿತ್ತು. ಒಂದು ರಾಣಿ ಕೊಡು ಎಂದು ಕೇಳಲು ಬಹಳ ಹೊತ್ತು ಹಿಡಿಯಿತು. ಜೂನ್‌ನಲ್ಲಿ ಬಾ, ಕೈಗವಸು ಹಾಕಿಕೊಂಡು ಬಾ ಎಂದಳು.

"ಕಚ್ತವಲ್ಲ ಚಿಕ್ಕಮ್ಮ ಅವು?"

"ಕಚ್ಲಿ ಅಂತ್ಲೇ ಅಲ್ವೇನೋ ಕೇಳ್ತಿರೋದು."

ಜೂನ್‌ನಲ್ಲಿ ನಾನೂ ಹೋಗಿ ನಿಂತೆ. ಕೈ ಎತ್ತಿದವರ ಸಾಲು ಆ ಕಡೆ ಎಂದಳು. ಆ ಸಾಲಿನಲ್ಲಿ ಇಡೀ ಊರಿತ್ತು. ಬೆಂಕಿಪೊಟ್ಟಣಗಳಲ್ಲಿ ರಾಣಿಗಳನ್ನು ಹಾಕಿ, ಬೈಯುತ್ತಲೇ ಎಲ್ಲರಿಗೂ ಕೊಟ್ಟಳು.