ಕೂದಲೆಳೆಯಷ್ಟು ಸಡಿಲ

ಬೀದಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ದೀಪ ಹೊತ್ತಿಕೊಂಡಾಗ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಕ್ಕದ ಲೇತ್ ಅಂಗಡಿಯವನು ಬಂದು ಮೋಟರು ಚಾಲೂ ಮಾಡಿದನೆಂದರೆ ಮುಗಿಯಿತು, ಆಮೇಲೆ ಕಿವಿಗಳು ಇದ್ದೂ ಇಲ್ಲದಂತೆ. ಅದಕ್ಕೇ ಚಕ್ರದಣ್ಣ ನಾಜೂಕಿನ ಕೆಲಸವನ್ನೆಲ್ಲ ಈ ಹೊತ್ತಿಗೇ ಎತ್ತಿಡುತ್ತಾರೆ.

ಬೆಂಚಿನ ಮೇಲೆ ಹಳೆಯ ಬೆಡ್‌ಶೀಟಿನ ತುಂಡು. ಅದರ ಮೇಲೆ ಸೀಮೆಎಣ್ಣೆಯಲ್ಲಿ ಮಿಂದು ಒಣಗಿದ ಎರಡು ಬೇರಿಂಗು, ಅವುಗಳ ನಡುವೆ ಕೂರುವ ಕೊಳವೆ, ಕಾಗದದಷ್ಟು ತೆಳ್ಳಗಿನ ಒಂದಿಷ್ಟು ವಾಷರು. ಅಣ್ಣ ಅಂಗೈಗೆ ಗ್ರೀಸು ಹಾಕಿಕೊಂಡು ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಾರೆ. ಉರುಳೆಗಳ ಸಂದಿಯಿಂದ ಗ್ರೀಸು ಆಚೆ ಬದಿಗೆ ಇಣುಕುವವರೆಗೂ ಕೈ ನಿಲ್ಲುವುದಿಲ್ಲ. "ಮೇಲೆ ಸವರಿಬಿಟ್ರೆ ನೋಡೋಕೇನೋ ಥಳಥಳ ಅನ್ನುತ್ತೆ. ಒಳಗೆ ಒಣಕಲು. ಚಕ್ರ ತಿರುಗೋದು ಒಳಗಲ್ವಾ?" ಎನ್ನುತ್ತಾರೆ.

ಇದು ಸೈಡ್‌ಕಾರ್ ಇರುವ ಹಳೆಯ ಮೋಟರ್ ಸೈಕಲ್ಲಿನ ಮೂರನೇ ಚಕ್ರ. ಈಗಿನ ಗಾಡಿಗಳ ಬೇರಿಂಗನ್ನು ಬಡಿದು ಕೂರಿಸಿದರೆ ಕೆಲಸ ಮುಗಿದಂತೆ. ಇದು ಹಾಗಲ್ಲ. ಕೊಳವೆಯ ಪಕ್ಕ ಎಷ್ಟು ವಾಷರು ಹಾಕುತ್ತೀರಿ ಎನ್ನುವುದರ ಮೇಲೆ ಚಕ್ರದ ಹಣೆಬರಹ ನಿಂತಿದೆ. ಒಂದು ಕಮ್ಮಿಯಾದರೆ ಬಿಗಿ, ಒಂದು ಹೆಚ್ಚಾದರೆ ಸಡಿಲ. ನಟ್ಟು ಬಿಗಿದ ಮೇಲೆ ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿದರೆ ಕೂದಲೆಳೆಯಷ್ಟು 'ಪ್ಲೇ', ಅಂದರೆ ಅಲುಗಾಟ, ಸಿಗಬೇಕು. ಗಿರಾಕಿಗಳಿಗೆ ಇದೇ ನುಂಗಲಾರದ ತುತ್ತು. ಅಲುಗುತ್ತಿದೆಯಲ್ಲ ಅಣ್ಣಾ, ಇನ್ನೊಂಚೂರು ಬಿಗಿ ಮಾಡಿ ಎಂದು ದುಂಬಾಲು ಬೀಳುತ್ತಾರೆ.

"ಅಲುಗ್ಲಿ ಬಿಡಪ್ಪಾ. ಓಡ್ತಾ ಓಡ್ತಾ ಬಿಸಿಯಾಗಿ ಕಬ್ಬಿಣ ಹಿಗ್ಗುತ್ತೆ. ಹಿಗ್ಗೋಕೆ ಜಾಗ ಬೇಡ್ವಾ? ನೀನು ಊಟಕ್ಕೆ ಕೂರೋವಾಗ ಬೆಲ್ಟ್ ಸಡಿಲ ಮಾಡ್ಕೊಳ್ಳಲ್ವಾ?" ಎಂದು ಅಣ್ಣ ಅವರ ಬಾಯಿ ಮುಚ್ಚಿಸುತ್ತಾರೆ.

ಲಾರಿ ಶೆಡ್ಡಿನಲ್ಲಿದ್ದ ಸೋದರಮಾವನ ಕೈಕೆಳಗೆ ಕಲಿತ ವಿದ್ಯೆಯಿದು. ಮಾವ ಹೋದ ಮೇಲೆ ಇದೇ ಬೀದಿಯಲ್ಲಿ ಶೆಡ್ಡು ಹಾಕಿದರು. ಮದುವೆಯಾಗಿ ಬಂದ ಹೆಂಡತಿ ಮನೆಗೆಲಸ ಮುಗಿಸಿ ಬಂದು ಬೇರಿಂಗು ತೊಳೆಯಲು ಕೂತರು. ಬೀದಿಯವರೆಲ್ಲ ಅಕ್ಕ ಎನ್ನುವ ಆಕೆ ಅಂದಿನಿಂದ ಇಂದಿನವರೆಗೂ ತೊಳೆಯುತ್ತಲೇ ಇದ್ದಾರೆ. ಸೀಮೆಎಣ್ಣೆಗೆ ಉಗುರೆಲ್ಲ ಸೀಳಿದೆ. ಗಿರಾಕಿಗಳ ಮುಂದೆ ಮಾತ್ರ ತುಟಿ ಪಿಟಕ್ಕೆನ್ನುವವರಲ್ಲ. ದಿನಕ್ಕೆ ಎರಡು ಚಕ್ರ ಮುಗಿದರೆ ಹೆಚ್ಚು, ಆದರೂ ದೂರದೂರದಿಂದ ಗಾಡಿಗಳು ಹುಡುಕಿಕೊಂಡು ಬರುತ್ತವೆ. ಬರುವುದು ಅಣ್ಣನ ಬೆರಳನ್ನು ನಂಬಿ.

ಆ ಬೆರಳುಗಳೇ ಈಗ ಕೈಕೊಟ್ಟಿವೆ. ಸಕ್ಕರೆ ಕಾಯಿಲೆ ಒಳಗೊಳಗೇ ನರಗಳನ್ನು ತಿಂದುಹಾಕಿದೆ. ಬಿಸಿ ಲೋಟ ಹಿಡಿದರೂ ತುದಿಗೆ ತಿಳಿಯುವುದಿಲ್ಲ. ಅಲುಗಾಟ ಅಳೆಯುವ ಡಯಲ್ ಗೇಜೊಂದು ಗೂಡಿನಲ್ಲಿದೆ. ಆದರೆ ಚಕ್ರದ ನಡುವಿನ, ಸವೆದು ಓರೆಯಾದ ಹಳೆಯ ಹಬ್ಬುಗಳ ಮೇಲೆ ಅದರ ಮುಳ್ಳು ಹೊತ್ತಿಗೊಂದು ಮಾತಾಡುತ್ತದೆ.

ಕಳೆದ ತಿಂಗಳು ಇದೇ ಸೈಡ್‌ಕಾರ್ ಚಕ್ರವನ್ನು ಕೂರಿಸಿದ್ದೂ ಅಣ್ಣನೇ. ಅಲುಗಿಸಿ ನೋಡಿದರು, ಏನೂ ತಿಳಿಯಲಿಲ್ಲ. ಬಿಗಿಯಾಗಿದೆ ಎಂದುಕೊಂಡು ಒಂದು ವಾಷರು ಸೇರಿಸಿದರು. ಆಗಲೂ ತಿಳಿಯಲಿಲ್ಲ, ಇನ್ನೊಂದು ಸೇರಿಸಿದರು. ಆಗ ಕೈಗೆ ಅಲುಗಾಟ ಸಿಕ್ಕಿತು. "ನನ್ನ ಬೆರಳಿಗೆ ಗೊತ್ತಾಗೋ ಅಷ್ಟು ಸಡಿಲ ಅಂದ್ರೆ ಅದು ಚಕ್ರಕ್ಕೆ ವಿಪರೀತ ಸಡಿಲ. ಅಷ್ಟೂ ಹೊಳೀಲಿಲ್ಲ ನಂಗೆ" ಎನ್ನುವಾಗ ಅವರ ದನಿ ಇಳಿದುಹೋಗುತ್ತದೆ.

ಆ ಗಾಡಿ ಬೀಗ ರಿಪೇರಿ ಮಾಡುವವನದು. ನಡೆಯಲಾರದ ಹೆಂಡತಿಯನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಡಯಾಲಿಸಿಸ್‌ಗೆ ಕರೆದೊಯ್ಯುತ್ತಾನೆ. ತಿರುವಿನಲ್ಲಿ ಚಕ್ರ ತೂರಾಡಿತು, ಹ್ಯಾಂಡಲ್ ಎಳೆದುಕೊಂಡು ಹೋಯಿತು, ಗಾಡಿ ಚರಂಡಿಯ ಅಂಚಿಗೆ ಬಂದು ನಿಂತಿತು. ರಸ್ತೆ ಹಾಳಾಗಿದೆ ಎಂದು ಬೈದುಕೊಂಡು ಅವನು ಗಾಡಿ ತಂದುಬಿಟ್ಟ. ಅಣ್ಣ ಹೂಂಗುಟ್ಟಿದರು. ಅವನು ಆಚೆ ಹೋದ ಮೇಲೆ ಅಕ್ಕ ಚಕ್ರ ಹಿಡಿದು ನೋಡಿ, "ರೀ, ಇದು ಲಟಲಟ ಅಂತಿದೆಯಲ್ರೀ" ಎಂದರು.

ಅಂದಿನಿಂದ ಶೆಡ್ಡಿನಲ್ಲಿ ಕೊನೆಯ ಪರೀಕ್ಷೆ ಅಕ್ಕನದು. ಇದು ಗಿರಾಕಿಗಳಿಗೆ ಗೊತ್ತಿಲ್ಲ. ಗೊತ್ತಾದರೆ ಯಾರು ಬರುತ್ತಾರೆ ಎಂಬ ಭಯ. ಆದರೆ ಬೀಗದವನಿಗೆ ಹೇಳದೆ ಗಾಡಿ ಒಪ್ಪಿಸುವುದಿಲ್ಲ ಎಂದು ಅಣ್ಣ ನಿಶ್ಚಯಿಸಿಬಿಟ್ಟಿದ್ದಾರೆ.

ಈಗ ಅದೇ ಚಕ್ರ ಕೂರಿಸಿ ನಟ್ಟು ಬಿಗಿದಾಗಿದೆ. ಅಕ್ಕ ಕಣ್ಣು ಮುಚ್ಚಿ ಚಕ್ರ ಅಲುಗಿಸುತ್ತಾರೆ. "ಒಂದು ತೆಗೀರಿ."

ಅಣ್ಣ ಬಿಚ್ಚಿ, ಒಂದು ವಾಷರು ತೆಗೆದು, ಮತ್ತೆ ಬಿಗಿಯುತ್ತಾರೆ. ಕಾಲು ತಿರುವಿಗೊಮ್ಮೆ ಚಕ್ರ ನಿಲ್ಲಿಸಿ ಅಕ್ಕ ಮತ್ತೆ ಅಲುಗಿಸುತ್ತಾರೆ. "ಹೂಂ. ಈಗ ಸರಿ."

"ನೀನು ನನ್ನನ್ನೂ ಹಿಂಗೇ ಅಲುಗಿಸಿ ಅಲುಗಿಸಿ ಸರಿ ಮಾಡಿದ್ದು" ಎಂದು ಅಣ್ಣ ನಗಲು ನೋಡುತ್ತಾರೆ. ಅಕ್ಕ ನಗುವುದಿಲ್ಲ. ಬಾಡಿಗೆ ಗಾಡಿಯೊಂದು ಬಾಗಿಲಿಗೆ ಬಂದಿದೆ.

ಬೀಗದವನು ಅದರಿಂದ ಹೆಂಡತಿಯನ್ನು ಇಳಿಸಿ ಸೈಡ್‌ಕಾರಿನಲ್ಲಿ ಕೂರಿಸುತ್ತಾನೆ. ಅವಳ ಕಾಲಿನ ಮೇಲೆ ಶಾಲು ಸರಿಮಾಡುತ್ತಿರುವಾಗಲೇ ಅಣ್ಣ ಬಾಯಿಬಿಡುತ್ತಾರೆ. "ಅವತ್ತು ತಪ್ಪು ರಸ್ತೇದಲ್ಲಪ್ಪಾ. ನಂದು. ನನ್ನ ಬೆರಳು ಸತ್ತುಹೋಗಿದಾವೆ."

ಬೀಗದವನು ಶಾಲು ಹಿಡಿದುಕೊಂಡೇ ನಿಲ್ಲುತ್ತಾನೆ. "ಗೊತ್ತಿದ್ದೂ ಸುಮ್ನಿದ್ರಾ?"

"ಹೆದರಿಕೆ ಆಯ್ತು."

"ಇವಳು ಕೂತಿದ್ಳು ಅಣ್ಣಾ ಇದರಲ್ಲಿ!"

ಬೀಗದವನು ಶಾಲನ್ನು ಹೆಂಡತಿಯ ಕಾಲಿಗೆ ಹೊದಿಸಿ, "ಮತ್ತೆ ಈ ಸಲ ಚಕ್ರ ಯಾರು ನೋಡಿದ್ದು?" ಎನ್ನುತ್ತಾನೆ. ಅಣ್ಣ ಅಕ್ಕನ ಕಡೆಗೆ ಕೈ ತೋರಿಸುತ್ತಾರೆ. ಸೀಮೆಎಣ್ಣೆ ಡಬ್ಬದ ಹಿಂದೆ ಅಕ್ಕ ಇನ್ನಷ್ಟು ಮುದುಡಿಕೊಳ್ಳುತ್ತಾರೆ.

ಮಾತಾಡುವುದು ಸೈಡ್‌ಕಾರಿನಲ್ಲಿ ಕೂತವಳು. "ಅಕ್ಕಾ, ನನ್ನೆದುರಿಗೆ ಇನ್ನೊಂದ್ಸಲ ನೋಡ್ತೀರಾ?"

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾರೆ. ಅಣ್ಣ ಸೈಡ್‌ಕಾರಿನ ಕೆಳಗೆ ಜಾಕು ಕೊಟ್ಟು ಚಕ್ರ ಎತ್ತುತ್ತಾರೆ. ನೆಲಕ್ಕೆ ಮಂಡಿಯೂರಿ, ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಕ್ಕ ಕಣ್ಣು ಮುಚ್ಚುತ್ತಾರೆ. ಅವಸರವಿಲ್ಲ. ಚಕ್ರ ಒಂದು ಸುತ್ತು ಪೂರ್ತಿ ಬಂದ ಮೇಲೆ ಕಣ್ಣು ತೆರೆದು, ಸೈಡ್‌ಕಾರಿನ ಅಂಚಿನ ಮೇಲಿದ್ದ ಆ ಹೆಂಗಸಿನ ಕೈಯನ್ನು ಮುಟ್ಟುತ್ತಾರೆ.

"ಹೋಗಿ ಬನ್ನಿ ತಂಗಿ."

ಬೀಗದವನು ಅಣ್ಣನ ಮುಖ ನೋಡದೆಯೇ ಗಾಡಿ ಹೊರಡಿಸುತ್ತಾನೆ. ಮೂರೂ ಚಕ್ರ ನೇರವಾಗಿ ಬೀದಿ ದಾಟಿ ತಿರುವಿನಲ್ಲಿ ಮರೆಯಾಗುವವರೆಗೂ ಗಂಡ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾರೆ.

"ಇಷ್ಟು ವರ್ಷ 'ಹೋಗಿ ಬನ್ನಿ' ಅಂತ ನಾನೇ ಹೇಳಿ ಕಳಿಸ್ತಿದ್ದೆ" ಎನ್ನುತ್ತಾರೆ ಚಕ್ರದಣ್ಣ. ಕಣ್ಣು ತುಂಬಿದೆ, ಒರೆಸಿಕೊಳ್ಳಲು ಕೈಯೆಲ್ಲ ಗ್ರೀಸು. "ನೀನು ಹೇಳಿದ್ರೆ ನಂಬಿಕೆ ಬರುತ್ತೆ, ಅಲ್ವಾ?"