ಕಾಯಿಲಿನ ಹಣೆಗೆ ವಿಭೂತಿ

ಸಾಮಿಲ್ಲಿನ ಗರಗಸ ದಿಮ್ಮಿಯೊಳಕ್ಕೆ ಇಳಿಯುವ ಸದ್ದಿನೊಂದಿಗೆ ಆ ಬೀದಿಗೆ ಬೆಳಗಾಗುತ್ತದೆ. ಮೊದಲು ತೆಳ್ಳನೆಯ ಸಿಳ್ಳೆ, ಆಮೇಲೆ ಉದ್ದಕ್ಕೆ ಎಳೆದ ಒಂದೇ ಸ್ವರ. ಮರದ ನಡುವೆ ಗಂಟು ಸಿಕ್ಕಿದರೆ ಸ್ವರ ತಡವರಿಸುತ್ತದೆ; ಉಸಿರು ಸಿಕ್ಕಿಕೊಂಡವರ ಹಾಗೆ ಅರೆಗಳಿಗೆ ಒದ್ದಾಡಿ, ಗಂಟು ದಾಟಿ, ಮತ್ತೆ ಹಾಡಿಗೆ ಕೂಡಿಕೊಳ್ಳುತ್ತದೆ. ಹುಣಸೂರಿನ ಆ ಮಿಲ್ಲಿನ ಹಿಂದಿನ ಗೋಡೆಗೆ ಅಂಟಿಕೊಂಡೇ ಗೌರೀಶನ ಮನೆ. ಅವನು ಹಾಸಿಗೆಯಲ್ಲಿ ಮಲಗಿಯೇ ಆ ತಡವರಿಕೆಗೆ ಕಾಯುತ್ತಾನೆ. "ಮಿಸ್ಸಿಂಗ್ ಹೊಡೀತು ನೋಡು," ಅನ್ನುತ್ತಾನೆ ಹೆಂಡತಿ ಪುಷ್ಪಾಳಿಗೆ, ಬಿಕ್ಕಳಿಸುವ ಎಂಜಿನ್ನಿಗೆ ಅನ್ನುವ ಹಾಗೆ. ಅವಳು ಕಾಫಿ ಲೋಟ ಕೆಳಗಿಡುತ್ತಾ, "ಮರಕ್ಕೂ ನೀವೇ ರಿಪೇರಿ ಮಾಡಿ ಬನ್ನಿ," ಅನ್ನುತ್ತಾಳೆ. ಮದುವೆಯಾದಾಗಿನಿಂದ ಇದು ಅವರ ಬೆಳಗಿನ ಮಾತು.

ಈಚೆಗೆ ಅವನು ಆ ಮಾತು ಆಡುತ್ತಿರಲಿಲ್ಲ. ಗರಗಸ ತಡವರಿಸಿದರೆ ಹೊದಿಕೆಯನ್ನು ತಲೆಯ ಮೇಲಕ್ಕೆ ಎಳೆದುಕೊಳ್ಳುತ್ತಿದ್ದ.

ಗೌರೀಶ ಆಟೋ ಎಲೆಕ್ಟ್ರಿಷಿಯನ್. ಬೆಟ್ಟದಪುರದ ಕಡೆಯವನು, ಹುಣಸೂರಿಗೆ ಬಂದು ಕೆಲಸ ಕಲಿತು, ಪಿರಿಯಾಪಟ್ಟಣದ ರಸ್ತೆಯಲ್ಲಿ ಒಂದೇ ಷಟರಿನ ಅಂಗಡಿ ಮಾಡಿಕೊಂಡ. ಟ್ರ್ಯಾಕ್ಟರಿನ ಹೆಡ್‌ಲೈಟು, ಟೆಂಪೋದ ಹಾರನ್ನು, ತಂಬಾಕಿನ ಬೇಲು ಹೊತ್ತು ಬಂದು ಹರಾಜು ಕಟ್ಟೆಯ ಮುಂದೆ ಸ್ಟಾರ್ಟಾಗದೆ ನಿಂತ ಗಾಡಿಗಳು, ಇಷ್ಟರಲ್ಲೇ ಅವನ ಕೈ ಪಳಗಿದ್ದು. ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತಾನೆ. "ಅಲ್ಲಿ ಶಕುನ ಕೇಳ್ತಾವ್ನೆ, ಮಾತಾಡ್ಸಬ್ಯಾಡಿ," ಎಂದು ಪಕ್ಕದ ಟೀ ಅಂಗಡಿಯವರು ನಗುತ್ತಾರೆ.

ಆಯುಧಪೂಜೆಯ ದಿನ ಅವನ ಅಂಗಡಿಯ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಬೇರೆ ಕಡೆ ಹಾರ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಅಲ್ಲಿಗೆ ಪೂಜೆ ಮುಗಿಯುತ್ತದೆ. ಗೌರೀಶ ಮಾತ್ರ ಪೆಟ್ರೋಲ್ ಗಾಡಿಗಳ ಬಾನೆಟ್ ತೆಗೆಸಿ, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಇಗ್ನಿಷನ್ ಕಾಯಿಲಿನ ತಲೆಗೆ ಮೂರು ಬೆರಳಿನ ಪಟ್ಟೆ ಎಳೆಯುತ್ತಾನೆ. ಬ್ಯಾಟರಿಯ ಸಣ್ಣ ಕರೆಂಟನ್ನು ದೊಡ್ಡದು ಮಾಡಿ ಪ್ಲಗ್ಗಿಗೆ ಕಿಡಿ ಕಳಿಸುವ ಡಬ್ಬಿ ಅದು. "ಗಾಡಿಗೆ ಜೀವ ಬರೋದು ಇಲ್ಲಿಂದ ಕಣ್ರಪ್ಪ. ಬಾನೆಟ್ಟಿಗೆ ಹಚ್ಚಿದ್ರೆ ಬಣ್ಣಕ್ಕೆ ಪೂಜೆ ಆಯ್ತದೆ ಅಷ್ಟೆ," ಅನ್ನುತ್ತಾನೆ. ಅವನ ಅಪ್ಪ ಎತ್ತುಗಳ ಹಣೆಗೆ ಹೀಗೆಯೇ ಎಳೆಯುತ್ತಿದ್ದರು. ಆ ಬೆರಳುಗಳನ್ನು ನೋಡಿಕೊಂಡು ಬೆಳೆದ ಕೈ ಇದು.

ಆ ಸಾಲಿನಲ್ಲಿ ಕೆಲವು ವರ್ಷಗಳಿಂದ ಒಂದು ಕೆಂಪು ಕಾರೂ ಬಂದು ನಿಲ್ಲುತ್ತಿತ್ತು. ಎರಡೇ ಸೀಟು, ನೆಲಕ್ಕೆ ಎದೆಯಾನಿಸಿದಂಥ ಹಳೆಯ ಸ್ಪೋರ್ಟ್ಸ್ ಕಾರು. ಅದರ ಒಡತಿ ಚೈತ್ರ, ಕೆ.ಆರ್. ನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವಳು. ಕೊಡಗಿನ ಎಸ್ಟೇಟೊಂದರ ಶೆಡ್ಡಿನಲ್ಲಿ ಧೂಳು ಕುಡಿಯುತ್ತಿದ್ದ ಕಾರನ್ನು ಕೊಂಡು ತಂದು, ರಜೆ ರಜೆಗೂ ಒಂದೊಂದು ಭಾಗ ಬಿಚ್ಚಿ ಜೋಡಿಸಿ, ಪಿರಿಯಾಪಟ್ಟಣದ ಆಚೆ ಬೆಳೆ ಕೊಯ್ದ ಹೊಲದಲ್ಲಿ ನಡೆಯುವ ಮಣ್ಣಿನ ರೇಸಿಗೆ ಇಳಿಸುತ್ತಿದ್ದಳು. ವೈರಿಂಗಿನ ಕೆಲಸವೆಲ್ಲ ಗೌರೀಶನದು. ಗೌರೀಶಣ್ಣ ಎಂದೇ ಕರೆಯುತ್ತಿದ್ದಳು.

ಚಳಿ ಶುರುವಾಗುತ್ತಿದ್ದಂತೆ ಆ ಕಾರಿಗೆ ತಡವರಿಕೆ ಬಂತು. ಬೆಳಿಗ್ಗೆ ಮಂಜಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನು ಏರುವ ಬದಲು ಬಿಕ್ಕಳಿಸುತ್ತಿತ್ತು. ರೇಸು ಹತ್ತಿರದಲ್ಲಿತ್ತು. ಚೈತ್ರ ಕಾರನ್ನು ಅಂಗಡಿಗೆ ತಂದಳು.

ಅವತ್ತು ಗೌರೀಶ ಕಣ್ಣು ಮುಚ್ಚಲಿಲ್ಲ. ಕೇಳುವ ಮೊದಲೇ ಅವನ ಮನಸ್ಸಿನಲ್ಲಿ ಉತ್ತರ ಸಿದ್ಧವಾಗಿತ್ತು. ಎಷ್ಟೋ ದಿನಗಳಿಂದ ಅವನು ಫೋನಿನಲ್ಲಿ ರೇಸಿಂಗ್ ಇಗ್ನಿಷನ್ ಸೆಟ್ಟುಗಳನ್ನು ನೋಡುತ್ತಿದ್ದ. ಕಡುಗೆಂಪು ಕಾಯಿಲು, ಹೆಬ್ಬೆರಳು ಗಾತ್ರದ ಹಳದಿ ವೈರುಗಳು, ಮೀನಿನ ಕಿವಿರಿನಂಥ ಗೆರೆಗಳಿರುವ ಅಲ್ಯೂಮಿನಿಯಂ ಡಬ್ಬಿ. ಟ್ರ್ಯಾಕ್ಟರಿಗೆ ಅದನ್ನು ಹಾಕಲಾಗುತ್ತದೆಯೇ? ಒಂದು ಸಲವಾದರೂ ತನ್ನ ಕೈಯಿಂದ ಅದನ್ನು ಕೂರಿಸಬೇಕು ಅನ್ನುವುದು ಅವನಿಗೆ ಎಳೆಯರ ಬಯಕೆಯ ಹಾಗೆ ಹತ್ತಿಕೊಂಡಿತ್ತು.

"ಕಾಯಿಲು ವೀಕಾಗದೆ ಮೇಡಮ್," ಅಂದ. "ಹಳೇ ಕಾಲದ್ದು, ಇನ್ನೆಷ್ಟು ದಿನ ಬಂದಾತು? ಹೊರಗಡೆ ರೇಸಿಂಗ್ ಸೆಟ್ಟು ಸಿಕ್ತದೆ. ಹಾಕ್ಬುಟ್ರೆ ರಾಕೆಟ್ಟು."

ಚೈತ್ರ ತಲೆ ಅಲ್ಲಾಡಿಸಿದಳು. "ನಾನೂ ಓದಿದೀನಿ ಗೌರೀಶಣ್ಣ. ಟರ್ಬೋ ಗಿರ್ಬೋ ಹಾಕಿ ಒತ್ತಡ ಏರಿಸಿದ ಎಂಜಿನ್ನಿಗಾದ್ರೆ ದೊಡ್ಡ ಕಿಡಿ ಬೇಕಾಗುತ್ತಂತೆ. ನಮ್ಮದು ಹುಟ್ಟಿದ ಹಾಗೇ ಇದೆಯಲ್ಲ. ಒಲೆ ಹಚ್ಚೋಕೆ ಒಂದು ಕಡ್ಡಿ ಸಾಕು, ಪಂಜು ತಂದ್ರೆ ಅನ್ನ ಬೇಗ ಬೇಯುತ್ತಾ?"

"ಓದೋದು ಬ್ಯಾರೆ, ಓಡ್ಸೋದು ಬ್ಯಾರೆ ಮೇಡಮ್."

"ಈ ಸಲ ಬ್ರೇಕು, ಟೈರು ಮಾಡ್ಸೋಣ ಅಂತಿದ್ದೆ. ಟೈರು ನೋಡಿ, ಸವೆದು ಬೋಳಾಗಿದೆ. ಸೆಟ್ಟೂ ಅದೂ ಎರಡಕ್ಕೂ ದುಡ್ಡು ಸಾಲಲ್ಲ."

"ಓಡ್ದೇ ಇರೋ ಗಾಡೀನ ನಿಲ್ಸಕ್ಕೆ ಬ್ರೇಕ್ ಯಾಕೆ ಮೇಡಮ್?"

ಟೀ ಅಂಗಡಿಯ ಬೆಂಚೆಲ್ಲ ಗೊಳ್ಳೆಂದಿತು. ಚೈತ್ರಳೂ ನಕ್ಕಳು. ನಗು ಇಳಿದ ಮೇಲೆ ಅವನ ಮುಖವನ್ನೇ ನೋಡಿ ಕೇಳಿದಳು: "ನಿಜವಾಗ್ಲೂ ಬೇಕು ಅಂತೀರಾ?"

"ಬೇಕು," ಅಂದ ಗೌರೀಶ.

ಸೆಟ್ಟು ಬಂತು. ಅದನ್ನು ಕೂರಿಸಿದ ದಿನ ಅವನು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಲಿಲ್ಲ. ಒಂದೊಂದು ವೈರನ್ನೂ ಬಟ್ಟೆಯಲ್ಲಿ ಒರೆಸಿ, ಒಂದೊಂದು ಕ್ಲಿಪ್ಪನ್ನೂ ಎರಡೆರಡು ಸಲ ಒತ್ತಿ ನೋಡಿದ. ಕಾರು ಒಂದೂ ಬಿಕ್ಕಳಿಕೆಯಿಲ್ಲದೆ ಎದ್ದು ಹಾಡಿತು. ಚೈತ್ರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ನೀವು ಹೇಳಿದ್ದೇ ಸರಿ ಬಿಡಿ," ಅಂದಳು. ಬಿಚ್ಚಿದ ಸಾಮಾನನ್ನು ಕವರಿನಲ್ಲಿ ಹಾಕಿ ಗಾಡಿಯವರ ಕೈಗೆ ಕೊಡುವುದು ಅಂಗಡಿಯ ಪದ್ಧತಿ. ಬದಲಾಯಿಸಿದ್ದು ನಿಜ ಅನ್ನುವುದಕ್ಕೆ ಅದೇ ಸಾಕ್ಷಿ. ಅವನು ಹಳೆಯ ಕಾಯಿಲನ್ನು ಕೊಡಹೋದಾಗ ಅವಳು ಕೈಯಾಡಿಸಿಬಿಟ್ಟಳು. "ನಿಮ್ಮ ಮಾತಿಗಿಂತ ಸಾಕ್ಷಿ ಬೇಕಾ? ಇಟ್ಕೊಳ್ಳಿ ಅಣ್ಣ."

ಅದಾಗಿ ಸ್ವಲ್ಪ ದಿನಕ್ಕೆ ಅಂತರಸಂತೆಯ ಚಿಕ್ಕಮಾದಯ್ಯ ತನ್ನ ಮುದಿ ಪೆಟ್ರೋಲ್ ಜೀಪನ್ನು ಇನ್ನೊಂದು ಗಾಡಿಗೆ ಹಗ್ಗ ಹಾಕಿ ಎಳೆಸಿಕೊಂಡು ಬಂದ. ಕಾಯಿಲು ಸುಟ್ಟುಹೋಗಿತ್ತು, ಜೀಪಿನ ತುಂಬ ಸಂತೆಯ ಕುಂಬಳಕಾಯಿ. "ಏನಾರ ಮಾಡಿ ಇವತ್ತು ದಾಟುಸ್ಬುಡು ಕಣ್ಲಾ ಗೌರೀಶ," ಅಂದ. ಗೌರೀಶನಿಗೆ ಚೈತ್ರಳ ಹಳೆಯ ಕಾಯಿಲು ನೆನಪಾಯಿತು. ವೀಕಾದದ್ದಾದರೂ ಸಂತೆ ಮುಟ್ಟಿಸೀತು ಎಂದುಕೊಂಡು ಅದನ್ನು ಕವರಿನಿಂದ ತೆಗೆದು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ.

ಬಟ್ಟೆಗೆ ಬೂದಿ ಬಂತು. ಎಣ್ಣೆ, ಧೂಳು, ಅದರಡಿ ಬೂದಿ, ಅದರಡಿ ಮತ್ತೆ ಬೂದಿ. ವರ್ಷ ವರ್ಷದ ಆಯುಧಪೂಜೆ ಪದರ ಪದರವಾಗಿ ಎದ್ದು ಬಂತು. ಎಲ್ಲ ಹೋದ ಮೇಲೆ, ಕಾಯಿಲಿನ ತಲೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ಒಂದು ಕಪ್ಪು ಗೆರೆ ಕಂಡಿತು, ನಡುವಿನ ಕಂಬದಿಂದ ಅಂಚಿನ ಸ್ಕ್ರೂವಿನವರೆಗೆ. ಕಿಡಿ ನಡೆದು ಸುಟ್ಟ ದಾರಿ. ಮಂಜಿನ ತೇವ ಕುಡಿದ ಬೂದಿ ಕರೆಂಟಿಗೆ ದಾರಿ ಕೊಟ್ಟಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅವನ ಬೆರಳಿನ ಗುರುತಿನ ಮೇಲೆ ನಡೆದು ಸೋರಿಹೋಗುತ್ತಿತ್ತು.

ಬ್ಲೇಡಿನಿಂದ ಆ ಗೆರೆಯನ್ನು ಕೆರೆದು, ಕಾಯಿಲನ್ನು ಜೀಪಿಗೆ ಹಾಕಿದ. ಮುದಿ ಜೀಪು ಮೊದಲ ತಿರುವಿಗೇ ಎದ್ದಿತು. ಅವತ್ತು ಅವನು ಕಣ್ಣು ಮುಚ್ಚಿ ಕೇಳಿದ. ಎಲ್ಲಿಯೂ ತಡವರಿಕೆ ಇರಲಿಲ್ಲ.

ಸಂತೆ ಮುಗಿಸಿದ ಚಿಕ್ಕಮಾದಯ್ಯ ಎಚ್.ಡಿ. ಕೋಟೆಯಿಂದ ಫೋನ್ ಮಾಡಿದ. "ಎಂಥ ಕಾಯ್ಲು ಕೊಟ್ಟಿದ್ದೀಯ ಕಣ್ಲಾ! ಈ ಜನ್ಮದಲ್ಲೇ ಇಂಗೆ ಏರು ಹತ್ತಿರ್ನಿಲ್ಲ ನನ್ ಜೀಪು. ಇಂಥದ್ನ ಯಾವ ಪುಣ್ಯಾತ್ಮ ಬಿಸಾಕಿದ್ನಪ್ಪ?"

ಗೌರೀಶ ಫೋನ್ ಇಟ್ಟ.

ಆಮೇಲೆ ಅವನ ಕಣ್ಣ ಮುಂದೆ ಬರುತ್ತಿದ್ದುದು ಕಾಯಿಲಲ್ಲ, ಆ ಬೋಳು ಟೈರು. ಬರುವ ಭಾನುವಾರ ರೇಸು. ಒಂದು ಬಟ್ಟೆಚೂರಿನಿಂದ ಮುಗಿಯುವ ಕೆಲಸಕ್ಕೆ ಅವಳ ಬ್ರೇಕು, ಟೈರನ್ನು ಅವನು ನುಂಗಿ ಹಾಕಿದ್ದ. ಬುಧವಾರ ಧೈರ್ಯ ತಂದುಕೊಂಡು ಫೋನ್ ಮಾಡಿದ. "ಗೌರೀಶಣ್ಣ!" ಎಂದು ಅವಳ ಉತ್ಸಾಹವೇ ಮೊದಲು ಬಂತು. "ನಾನೇ ಮಾಡ್ಬೇಕು ಅಂತಿದ್ದೆ. ಕ್ಲಾಸಲ್ಲಿ ಹುಡುಗ್ರಿಗೆಲ್ಲ ನಿಮ್ಮ ವಿಷ್ಯಾನೇ ಹೇಳಿದೀನಿ. ಎಲ್ಲಾ ಬರ್ತಾ ಇದ್ದಾರೆ ಭಾನುವಾರ. ಏನು ಹೇಳಿ?"

"ಏನಿಲ್ಲ ಮೇಡಮ್," ಅಂದ. "ಒಳ್ಳೇದಾಗ್ಲಿ ಅಂತ."

ಶನಿವಾರ ಮುದ್ದೆ ಮುರಿಯದೆ ತಟ್ಟೆಯ ಮುಂದೆ ಕುಳಿತವನನ್ನು ಪುಷ್ಪಾ ಕೇಳಿದಳು. "ಏನ್ರೀ, ಮೈ ಹುಷಾರಿಲ್ವಾ?" ಅವನು ಎಲ್ಲವನ್ನೂ ಹೇಳಿದ. ವಿಭೂತಿಯ ವಿಷಯ ಹೇಳುವಾಗ ದನಿ ತಗ್ಗಿತು. "ಅಪ್ಪ ಎಳ್ದಂಗೇ ಎಳ್ದೆ ಕಣೆ. ದೇವರ ಕೆಲ್ಸ ಅಂತ ಮಾಡಿದ್ದು."

ಪುಷ್ಪಾ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ವಿಭೂತಿದು ಬುಡಿ, ಗೊತ್ತಿಲ್ದೆ ಆಗಿದ್ದು. ಆವಮ್ಮ ಬ್ರೇಕು ಅಂದಾಗ ಜನದ ಮುಂದೆ ನಗಾಡಿದ್ರಲ್ಲ, ಅದು ಗೊತ್ತಿದ್ದೇ ಮಾಡಿದ್ದು."

ಮತ್ತೆ ಸೌಟು ಎತ್ತಿ ಸಾರು ಬಡಿಸುತ್ತಾ ಅಂದಳು, "ಉಣ್ಣಿ ಈಗ. ಬೆಳಿಗ್ಗೆ ಹೋಗಿ ಬನ್ನಿ. ಫೋನಲ್ಲಿ ಆಗೋ ಮಾತಲ್ಲ ಅದು."

ಭಾನುವಾರ ಅವನು ಬೈಕಿನಲ್ಲಿ ಪಿರಿಯಾಪಟ್ಟಣ ದಾಟುವಾಗ ತಂಬಾಕಿನ ಎಲೆ ಹದಮಾಡುವ ಬ್ಯಾರನ್‌ಗಳೆಲ್ಲ ಹೊಗೆಯಿಲ್ಲದೆ ತಣ್ಣಗೆ ನಿಂತಿದ್ದವು. ತಂಬಾಕಾಗಿ, ರಾಗಿಯೂ ಆಗಿ ಬರಿದಾದ ಹೊಲದಲ್ಲಿ ಹಳೆಯ ಟೈರು ನೆಟ್ಟು, ಹಗ್ಗ ಕಟ್ಟಿ ದಾರಿ ಮಾಡಿದ್ದರು. ಕೆಂಪು ಧೂಳು, ಮೈಕಿನ ಕೂಗು, ಕಡ್ಲೆಪುರಿ ಗಾಡಿ. ಹಗ್ಗದ ಹಿಂದೆ ಅವನ ಅಂಗಡಿಗೆ ಬರುವ ಮುಖಗಳೇ ಎಲ್ಲ; ಟೀ ಬೆಂಚಿನವರೂ ಬಂದಿದ್ದರು.

ಅವನು ಬೈಕು ನಿಲ್ಲಿಸುವುದಕ್ಕೂ ಕೆಂಪು ಕಾರು ತನ್ನ ಅಭ್ಯಾಸದ ಸುತ್ತಿಗೆ ಹೊರಡುವುದಕ್ಕೂ ಸರಿಹೋಯಿತು. ಎಂಜಿನ್ನು ಚೆಂದ ಹಾಡುತ್ತಿತ್ತು. ದೂರದ ತಿರುವಿನಲ್ಲಿ ಚೈತ್ರ ಬ್ರೇಕ್ ಒತ್ತಿದ್ದು ಹಿಂದಿನ ದೀಪದಲ್ಲಿ ಕಂಡಿತು. ಕಾರು ನಿಧಾನವಾಗಲಿಲ್ಲ. ಅಡ್ಡಡ್ಡ ಜಾರಿಕೊಂಡು ಹಗ್ಗದವರೆಗೂ ಬಂತು. ನೋಡುತ್ತಿದ್ದ ಅವಳ ವಿದ್ಯಾರ್ಥಿಗಳು ಕಿರುಚಿ ಹಿಂದಕ್ಕೆ ಹಾರಿದರು. ಹಗ್ಗಕ್ಕೆ ಒಂದು ಮೊಳ ಈಚೆಗೆ ಅದು ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೂ ಆಟವೆಂದುಕೊಂಡಿದ್ದರು.

ಸುತ್ತು ಮುಗಿಸಿ ಬಂದು ಹೆಲ್ಮೆಟ್ ತೆಗೆಯುತ್ತಿದ್ದ ಚೈತ್ರಳ ಹತ್ತಿರ ಗೌರೀಶ ಓಡಿದ. "ಓಡುಸ್ಬ್ಯಾಡಿ ಮೇಡಮ್ ಇವತ್ತು," ಅಂದ. ಆಮೇಲೆ ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದ. ಬೂದಿ, ಕಪ್ಪು ಗೆರೆ, ಚಿಕ್ಕಮಾದಯ್ಯನ ಜೀಪು. ಅವಳ ಹುಬ್ಬಿನ ಮೇಲೆ ಕೆಂಪು ಧೂಳು ಕೂತಿತ್ತು.

"ನಾನು ಕೇಳಿದಾಗ ನಿಮಗೆ ಗೊತ್ತಿರ್ಲಿಲ್ಲ, ಅಲ್ವಾ?" ಅಂದಳು ಕೊನೆಗೆ. ಹೂಂ ಅನ್ನಲಿ ಎಂದು ಕಾಯುವಂತಿತ್ತು ಆ ದನಿ.

"ನೋಡಿದ್ರೆ ಗೊತ್ತಾಯ್ತಿತ್ತು. ನೋಡ್ನಿಲ್ಲ. ಆ ಸೆಟ್ಟು ಹಾಕೋ ಆಸೆ ನಂಗೆ."

"ಬುಧವಾರ ಫೋನ್ ಮಾಡಿದಾಗ?"

"ಗೊತ್ತಿತ್ತು."

ಅವಳು ಹಗ್ಗದ ಕಡೆ ನೋಡಿದಳು. ಹುಡುಗರು ಕೈ ಬೀಸುತ್ತಿದ್ದರು. ಅವಳು ಕೈ ಎತ್ತಲಿಲ್ಲ. ಕಾರಿನೊಳಗೆ ಬಗ್ಗಿ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಿಮ್ಮ ದುಡ್ಡು ನಾನು ಹೆಂಗಾರ..."

"ಅದು ಆಮೇಲೆ." ಮೈಕಿನಲ್ಲಿ ಅವಳ ಹೆಸರು ಕೂಗುತ್ತಿದ್ದರು. "ಈಗ ನಾನು ಇಳೀಲಿಲ್ಲ ಅಂದ್ರೆ, ತಿರುವಲ್ಲಿ ಜಾರಿದ್ಳು, ಮೇಡಮ್ ಹೆದರಿದ್ಳು ಅಂತಾರೆ. ಆ ಹುಡುಗ್ರೂ ಅಂತಾರೆ. ಯಾಕೆ ಇಳೀಲಿಲ್ಲ ಅಂತ ನಾನು ಹೇಳಲ್ಲ ಗೌರೀಶಣ್ಣ. ನೀವೇ ಹೇಳಿ. ಮೈಕಲ್ಲೇ ಹೇಳಿ."

ಅಣ್ಣ ಎಂದದ್ದು ಅವನ ಎದೆಯಲ್ಲಿ ಚುಚ್ಚಿತು. ಬೈದಿದ್ದರೆ ಹಗುರಾಗುತ್ತಿತ್ತು.

ಮೈಕಿನ ಶಾಮಿಯಾನ ಹೊಲದ ಆ ತುದಿಯಲ್ಲಿತ್ತು. ಹಗ್ಗದ ಉದ್ದಕ್ಕೂ ಗುರುತಿನ ಮುಖಗಳನ್ನು ಹಾದು ಹೋಗಬೇಕು. ಹೊರಟ. ಅರ್ಧ ದಾರಿಯಲ್ಲಿ ಟೀ ಬೆಂಚಿನ ಚಲುವಯ್ಯ ಕೂಗಿದ, "ಏನ್ಲಾ ಗೌರೀಶ, ನಿನ್ ರಾಕೆಟ್ಟು ಇನ್ನೂ ಹಾರಿಲ್ವಲ್ಲ! ಕಾಯ್ಲು ಮಲೀಕಂಡ್ತಾ?"

"ಅದು ಇವತ್ತು ಓಡಲ್ಲ ಕಣಣ್ಣೋ," ಎಂದ ಗೌರೀಶ, ಕಾಲು ನಿಲ್ಲಿಸದೆ. "ತಪ್ಪು ಕಾರಿಂದಲ್ಲ, ಆವಮ್ಮಂದೂ ಅಲ್ಲ, ನಂದು. ಅವತ್ತು ನಿಮ್ಮೆಲ್ಲರ ಮುಂದೆ ಬ್ರೇಕು ಯಾಕೆ ಅಂತ ನಗಾಡಿದ್ನಲ್ಲ, ಅವತ್ತು ಬಾನೆಟ್ ಎತ್ತಿ ಒಂದ್ಸಲ ಕಣ್ಣು ಬುಟ್ಟು ನೋಡಿದ್ದಿದ್ರೆ ನಾನು..." ಎನ್ನುತ್ತಲೇ ಅವನು ಧೂಳಿನೊಳಗೆ ಮೈಕಿನ ಕಡೆ ನಡೆದುಹೋದ.